ಮುಟ್ಟಬಾರದ ಲಾರಿ

ಮನುಷ್ಯ ಹುಲಿಯಾಗುವುದನ್ನು ನೋಡಿ ಬೆಳೆದ ಊರು ನಮ್ಮ ಉಡುಪಿ. ರಾತ್ರಿ ಮೈಗೆ ಬಣ್ಣ ಬಳಿಸಿಕೊಂಡು ನಿಂತ ಗಂಡಸು ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಗೆ, ತಾಸೆ ವಾದ್ಯದ ಬಡಿತಕ್ಕೆ ಬಾಲ ಬೀಸುತ್ತಾನೆ. ಹಾಗಾಗಿ ಆಟಿಕೆ ಲಾರಿಯೊಂದು ಮಡಚಿ ಬಿಡಿಸಿದರೆ ರೋಬೋ ಆಗುತ್ತದೆ ಅಂದಾಗ ನಮ್ಮ ಅಜ್ಜಿಗೆ ಏನೂ ಅನ್ನಿಸಲಿಲ್ಲ. "ಆಗ್ಲಿ, ಅದಕ್ಕೆಂತ?" ಅಂದರು. ಅವರು ಬಾಯಿ ಬಿಟ್ಟದ್ದು ಬೆಲೆ ಕೇಳಿ. 16,000 ರೂಪಾಯಿ.

ತಂದದ್ದು ಭಾವ. ವಯಸ್ಸು 42. ಬೆಂಗಳೂರಿನಲ್ಲಿ ಕೆಲಸ. ಮೇ ರಜೆಗೆ ಬರುವಾಗ ಬಟ್ಟೆಯ ಬ್ಯಾಗನ್ನು ಬಸ್ಸಿನ ಡಿಕ್ಕಿಗೆ ಹಾಕಿ, ಆ ಲಾರಿಯ ಡಬ್ಬಿಯನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಶಿರಾಡಿ ಘಾಟಿ ಇಳಿದಿದ್ದರು. ನೇರ ನಮ್ಮ ಶೋಕೇಸಿನ ಮುಂದೆ ಬಂದು, ದುಬೈಯಿಂದ ಬಂದು ಇಪ್ಪತ್ತು ವರ್ಷದಿಂದ ಚಹಾ ಕಾಣದ ಟೀ ಸೆಟ್ಟನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಎರಡೂ ಒಳ್ಳೆ ಜೋಡಿ.

ನನ್ನ ಏಳು ವರ್ಷದ ಮಗನ ಹತ್ತಿರವೂ ಒಂದು ರೋಬೋ ಉಂಟು. ರಥಬೀದಿಯ ಸಂತೆಯದ್ದು, 150 ರೂಪಾಯಿ. ಅದರ ಎಡಗೈ ನವರಾತ್ರಿಗೇ ಹೋಗಿದೆ. ಈಗ ಅಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪು. ಕೈಗಿಂತ ಕ್ಲಿಪ್ಪೇ ಬೆಸ್ಟು, ಹಿಡಿದದ್ದು ಬಿಡುವುದಿಲ್ಲ ಅಂತ ಅವನ ಅಭಿಪ್ರಾಯ.

ಎರಡನ್ನೂ ಇಟ್ಟುಕೊಂಡು ತೀರ್ಪು ಕೊಡುವ ಕೆಲಸ ನನ್ನ ತಲೆಗೆ ಬಂತು. ಮಗನ ಪ್ರಶ್ನೆ ಒಂದೇ: "ಮಾವ, ಇದು ಎಷ್ಟು ಸಲ ಬಿದ್ರೆ ಮುರೀತದೆ?" ಭಾವನ ಮುಖ ನೋಡಬೇಕಿತ್ತು ಮಾರಾಯ್ರೆ. "ಮುಟ್ಬೇಡ ಮಗಾ, ಕೈಯಲ್ಲಿ ಎಣ್ಣೆ ಉಂಟು" ಅಂದರು. ಅವರ ಅಂಕಪಟ್ಟಿಯೇ ಬೇರೆ. ಡಬ್ಬಿಯ ಮೂಲೆ ಜಜ್ಜಿಲ್ಲ. ಸೊಂಟದ ಕೀಲು ಬಿಗಿ. ಮೊಣಕಾಲಿನ ಹತ್ತಿರ ಬಣ್ಣ ಸಾಸಿವೆಯಷ್ಟು ಜಾಸ್ತಿ ಬಿದ್ದಿದೆ, ಅದಕ್ಕೆ ಕಂಪೆನಿಗೆ ಮೇಲ್ ಹೋಗಿದೆ.

"ಲಾರಿ ಮಾಡಿ ತೋರಿಸಿ" ಅಂದೆ.

"ಒಮ್ಮೆ ಮಾಡಿದ್ದೇನೆ. ಮತ್ತೆ ಮತ್ತೆ ಮಾಡಿದ್ರೆ ಕೀಲು ಸಡಿಲ ಆಗ್ತದೆ."

ಅಂದರೆ ರೂಪ ಬದಲಿಸುವುದೇ ಕಸುಬಾದ ಆಟಿಕೆ ಜನ್ಮಕ್ಕೊಮ್ಮೆ ಮಾತ್ರ ರೂಪ ಬದಲಿಸುತ್ತದೆ! ನಮ್ಮ ಹುಲಿವೇಷದವರೂ ಎರಡು ದಿನ ಕುಣಿದು ಸೀಮೆಎಣ್ಣೆ ಹಚ್ಚಿ ಬಣ್ಣ ತೆಗೆದು ಮನುಷ್ಯರಾಗುತ್ತಾರಲ್ವಾ?

ಇದರ ಮೂಲ ಇಷ್ಟು ಗಂಭೀರದ್ದಲ್ಲ. ಜಪಾನಿನ ಟಕಾರಾ ಕಂಪೆನಿ ಡಯಾಕ್ಲೋನ್ ಅಂತ ರೋಬೋಗಳನ್ನು ಮಾಡುತ್ತಿತ್ತು. ಒಳಗೆ ಕೂರಲು ಪುಟ್ಟ ಚಾಲಕನೂ ಇದ್ದ. 1984ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಆ ಚಾಲಕನನ್ನು ಕೆಳಗಿಳಿಸಿ, ಲಾರಿಗೇ ಜೀವ ಕೊಟ್ಟು, ಆಪ್ಟಿಮಸ್ ಪ್ರೈಮ್ ಅಂತ ಹೆಸರಿಟ್ಟು, ಟ್ರಾನ್ಸ್‌ಫಾರ್ಮರ್ಸ್ ಪಂಗಡದಲ್ಲಿ ಮಾರಿತು. ಮಕ್ಕಳು ನೆಲದಲ್ಲಿ ಉರುಳಿಸಿ, ಮಣ್ಣು ತುಂಬಿಸಿ ಆಡಿದರು. ಆ ಮಕ್ಕಳಿಗೆ ಸಂಬಳ ಬರಲು ಶುರುವಾದ ಮೇಲೆ, 2003ರಲ್ಲಿ, ಮಾಸ್ಟರ್‌ಪೀಸ್ ಅಂತ ದುಬಾರಿ ಸಾಲು ಬಂತು. ನೆಲ ಹೋಯಿತು, ಗಾಜು ಬಂತು.

ಸರಕಾರವೂ ಭಾವನ ಕಡೆಗೇ ಉಂಟು, ಅರ್ಧ. 2021ರ ಜನವರಿ 1ರಿಂದ ನಮ್ಮಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಆ ಆದೇಶದ ಪ್ರಕಾರ ಆಟಿಕೆ ಅಂದರೆ 14 ವರ್ಷದೊಳಗಿನವರು ಆಡುವಂಥದ್ದು. ಹಾಗಾದರೆ 42ರ ಭಾವನ ಕೈಯಲ್ಲಿರುವುದು ಎಂತದು? ಇತ್ತ ವಿದೇಶಿ ಆಟಿಕೆಯ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದೆ. ದುಡ್ಡು ಕೊಡುವಾಗ ಭಾವ ಮಗು, ಗುರುತು ಕೇಳುವಾಗ ದೊಡ್ಡ ಮನುಷ್ಯ.

ನಮ್ಮ ಮಳೆಗಾಲಕ್ಕೆ ಡಬ್ಬಿಗೆ ಬೂಸಲು ಹಿಡಿಯಬಾರದೆಂದು ಭಾವ ಚಪ್ಪಲಿ ಡಬ್ಬಿಗಳಿಂದ ಕೂಡಿಟ್ಟ, ತೇವ ಹೀರುವ ಸಿಲಿಕಾ ಪ್ಯಾಕೆಟ್ ಒಂದು ಡಜನ್ ತುಂಬಿಸಿಟ್ಟರು. ಡಬ್ಬಿ ಇದ್ದರೇ ಬೆಲೆ, ಡಬ್ಬಿ ಇಲ್ಲದಿದ್ದರೆ ಅರ್ಧಕ್ಕೂ ಕೇಳುವವರಿಲ್ಲ ಅಂತ ನಮಗೆಲ್ಲ ಪಾಠವೂ ಆಯಿತು. ಅಜ್ಜಿ ಒಳಗೆ ಹಲಸಿನ ಹಪ್ಪಳ ಲಟ್ಟಿಸುತ್ತಿದ್ದರು. ಪಾಠ ಪೂರ್ತಿ ಕೇಳಿಸಲಿಲ್ಲ ಅಂತ ಕಾಣ್ತದೆ.

ನಾಲ್ಕನೇ ದಿನ ಭಾವ ಮಲ್ಪೆಯಿಂದ ಬರುವಾಗ ರೋಬೋ ಗಾಜಿನೊಳಗೆ ಒಂಟಿಯಾಗಿ ನಿಂತಿತ್ತು. ಡಬ್ಬಿ ಅಟ್ಟದಲ್ಲಿ, ಬಾಯಿಗೆ ಸುತ್ತ ಸೆಲ್ಲೋಟೇಪು, ಮೇಲೆ ಮಸಿಯಲ್ಲಿ "ಹಲಸು 100".

"ಒಳ್ಳೆ ಗಟ್ಟಿ ಡಬ್ಬಿ ಮಗಾ, ಒಳಗೆ ಎಂತದೋ ಪುಡಿ ಕಟ್ಟು ಬೇರೆ ಇತ್ತು. ಆಟಿ ತಿಂಗಳ ಮಳೆಯಲ್ಲೂ ಗರಿಗರಿ ಇರ್ತದೆ" ಅಂದರು ಅಜ್ಜಿ.

ಭಾವ ಸೋಫಾದಲ್ಲಿ ಕೂತವರು ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ ಎದ್ದು ಶೋಕೇಸಿನ ಬೀಗ ತೆಗೆದು, "ತಕೊ" ಅಂತ ನನ್ನ ಮಗನ ಕೈಗೆ ಕೊಟ್ಟರು. ಸಂಜೆಯೊಳಗೆ ಲಾರಿಗೆ ಮೂರು ಗೇರುಬೀಜದ ಲೋಡು ಬಿದ್ದಿತ್ತು. ನಾಲ್ಕನೆಯದನ್ನು ಇಳಿಸಲು ಭಾವ ಅಂಗಳದಲ್ಲಿ ಮೊಣಕಾಲೂರಿ ಕ್ಲಿಪ್ಪಿನ ಕೈಯವನನ್ನು ಕ್ರೇನ್ ಮಾಡುತ್ತಿದ್ದರು.