ಬಿಸಿಲಿಗಿಂತ ಹೊಳೆಯ ಭಯ ಜಾಸ್ತಿ

ಬೇಸಿಗೆ ರಜೆಯ ಬಿಸಿಲಿನ ಬಗ್ಗೆ ನಿಮ್ಮ ಲೇಖನದಲ್ಲಿ ಮಕ್ಕಳಿಗೆ ಟೋಪಿ ಹಾಕಿ, ಮಜ್ಜಿಗೆ ಕುಡಿಸಿ ಎಂದು ಬರೆದಿದ್ದೀರಿ. ಒಳ್ಳೆಯ ಮಾತು. ಆದರೆ ಬಾಗಲಕೋಟೆ ಕಡೆಯವಳಾದ ನನಗೆ ಬಿಸಿಲಿಗಿಂತ ಹೊಳೆಯ ಭಯವೇ ಜಾಸ್ತಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿತು ಅಂದರೆ ಮನೆಮಂದಿಯೆಲ್ಲ ಕೂಡಲಸಂಗಮಕ್ಕೋ ಆಲಮಟ್ಟಿ ಕಡೆಗೋ ಹೊರಡುತ್ತೇವೆ, ಅಲ್ವಾ? ನೀರು ಮೊಣಕಾಲುದ್ದ ಇದೆ ಎಂದು ಮಕ್ಕಳನ್ನು ಸುಮ್ನೆ ಇಳಿಸುತ್ತಾರೆ. ಮರಳು ತೆಗೆದ ಗುಂಡಿ ಮೇಲಿಂದ ಕಾಣುವುದೇ ಇಲ್ಲ. ಒಂದು ಹೆಜ್ಜೆ ಆಚೆ ಇಟ್ಟರೆ ಆಳುದ್ದ ನೀರು, ಕೆಳಗೆ ಕೆಸರು.

ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಾಡುವುದಕ್ಕೇ ಆಗುತ್ತಿರುವುದಿಲ್ಲ, ಇನ್ನು ಕೂಗುವುದೆಲ್ಲಿ? ಅದಕ್ಕೇ ದೊಡ್ಡವರೊಬ್ಬರು ಮೊಬೈಲ್ ಒಳಗಿಟ್ಟು ಕೈಗೆಟಕುವಷ್ಟು ಹತ್ತಿರವೇ ನಿಲ್ಲಬೇಕು. ಗಾಳಿ ತುಂಬಿದ ಟ್ಯೂಬ್ ನಂಬಬೇಡಿ, ಲೈಫ್ ಜಾಕೆಟ್ ಹಾಕಿ. ಈಜು ಬಾರದವರು ಕಾಪಾಡಲು ಹಾರಲೇಬಾರದು. ಒಬ್ಬರ ಹಿಂದೆ ಒಬ್ಬರು ಹಾರಿ ಎಲ್ಲರೂ ಹೋದ ಸುದ್ದಿ ಓದಿದಾಗ ಹೊಟ್ಟೆ ಉರಿಯುತ್ತದೆ. ಹಗ್ಗ, ಸೀರೆ, ಮುಚ್ಚಳ ಹಾಕಿದ ಖಾಲಿ ಕ್ಯಾನು, ಏನು ಸಿಕ್ಕರೂ ಎಸೆಯಿರಿ. 112ಕ್ಕೆ ಫೋನ್ ಮಾಡಿ.

ಗೋಕಾಕ ಫಾಲ್ಸಿಗೆ ಹೋದರೂ ನೀರಿಲ್ಲ ಎಂದು ಬಂಡೆಯ ಅಂಚಿಗೆ ಫೋಟೋಕ್ಕೆ ಹೋಗಬೇಡಿ. ಅಲ್ಲಿಂದ ಕೆಳಕ್ಕೆ ಸುಮಾರು 52 ಮೀಟರ್. ಮುಂದಿನ ಸಲ ಇದನ್ನೂ ದಯವಿಟ್ಟು ಬರೆಯಿರಿ.