ಕೆಂಪಿಲ್ಲದ ಗೋಬಿ

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದು ಇಷ್ಟೇ: ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವಂತಿಲ್ಲ. ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬಂದು ಮುಟ್ಟುವಷ್ಟರಲ್ಲಿ ಅದು "ಗೋಬಿ ಬ್ಯಾನ್" ಆಗಿತ್ತು. ಮಾವ ತಕ್ಷಣ "ನಾನು ಅವತ್ತೇ ಹೇಳಿರಲಿಲ್ವಾ?" ಎಂದು ಬರೆದರು. ಯಾವತ್ತು, ಏನು ಹೇಳಿದ್ದರು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಬಾಮೈದ ಮಾತ್ರ ಬೈಕ್ ಹತ್ತಿಕೊಂಡು ಓಡಿದ. ಇನ್ನು ಜನ್ಮದಲ್ಲಿ ಸಿಗುವುದಿಲ್ಲ ಎಂದು ಹೊಟ್ಟೆ ಬಿರಿಯುವಷ್ಟು ತಿಂದು ಬಂದ. ರಾತ್ರಿಯೆಲ್ಲ ಬಚ್ಚಲುಮನೆಯ ಲೈಟು ಆರಲಿಲ್ಲ. ಮಾರನೇ ಸಂಜೆ ನೋಡಿದರೆ ಅದೇ ಮೂಲೆ, ಅದೇ ಗಾಡಿ, ಅದೇ ಬಾಣಲಿ. ಹೊಸದಾಗಿ ಸೇರಿದ್ದು ಒಂದು ರಟ್ಟಿನ ಬೋರ್ಡು: "ಇಲ್ಲಿ ಕಲರ್ ಬಳಸುವುದಿಲ್ಲ."

ಸರ್ಕಾರ ಸುಮ್ನೆ ಹೇಳಿರಲಿಲ್ಲ ಬಿಡಿ. ರಾಜ್ಯದ ಬೇರೆ ಬೇರೆ ಕಡೆಯಿಂದ ತಂದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು. ನಿಯಮ ಮುರಿದರೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಅಂತೂ ಬಟ್ಟೆಗೆ ಹಾಕುವ ಬಣ್ಣ. ಹಿಂದೊಮ್ಮೆ ಜಾತ್ರೆಯಲ್ಲಿ ಅಕ್ಕನ ಮಗ ಮಿಠಾಯಿ ತಿಂದ ಕೈಯನ್ನು ನನ್ನ ಬಿಳಿ ಶರ್ಟಿಗೆ ಒರೆಸಿದ್ದ. ಆ ಗುಲಾಬಿ ಕಲೆ ಯಾವ ಸೋಪಿಗೂ ಜಗ್ಗಿಲ್ಲ. ಬಟ್ಟೆಯ ಬಣ್ಣ ಬಟ್ಟೆಗೇ ಬಂದು ಸೇರಿದೆ, ದೂರೋಕೆ ಬಾಯಿಲ್ಲ.

ಬಣ್ಣವಿಲ್ಲದ ಬಿಳಿ ಮಿಠಾಯಿಗೆ ಅಡ್ಡಿ ಇರಲಿಲ್ಲ. ಮುಂದಿನ ಜಾತ್ರೆಯಲ್ಲಿ ಅದನ್ನೇ ಕೊಡಿಸಿದೆ. ಹುಡುಗ ತಿರುಗಿಸಿ ಮುರುಗಿಸಿ ನೋಡಿದ. "ಮಾಮ, ಇದು ದಿಂಬಿನ ಒಳಗಡೆ ಇರತ್ತಲ್ಲ, ಅದು" ಎಂದು ವಾಪಸು ಕೊಟ್ಟ. ಅಷ್ಟೂ ನಾನೇ ತಿಂದೆ.

ಗೋಬಿ ಗಾಡಿಯ ಮುಂದೆ ದೊಡ್ಡವರದ್ದೂ ಅದೇ ಕಥೆ. ನನ್ನ ಪಕ್ಕ ನಿಂತಿದ್ದ ಒಬ್ಬ ಆಂಟಿ ತಟ್ಟೆ ನೋಡಿ, "ಏನಪ್ಪಾ ಇದು, ಕಾಯಿಲೆ ಬಂದೋರ ಥರ ಬಿಳಚಿಕೊಂಡಿದೆ?" ಎಂದರು.

"ಕಲರ್ ಹಾಕಂಗಿಲ್ಲ ಮೇಡಂ. ರುಚಿ ಅದೇ, ತಿಂದು ನೋಡಿ."

"ಕಲರ್ ಇಲ್ಲ ಅಂದ್ಮೇಲೆ ಐದು ರೂಪಾಯಿ ಕಮ್ಮಿ ಮಾಡ್ಕೋ."

ವಿಷ ಹಾಕದೇ ಇದ್ದದ್ದಕ್ಕೆ ಡಿಸ್ಕೌಂಟ್ ಕೇಳಿದ್ದನ್ನು ನಾನು ನೋಡಿದ್ದು ಅಲ್ಲೇ. ಅವನೂ ಪಾಪ, ಮಾತಾಡದೆ ಈರುಳ್ಳಿ ಜಾಸ್ತಿ ಹಾಕಿದ. ಅಂದಹಾಗೆ ಆ ತಟ್ಟೆಯಲ್ಲಿ ಇದ್ದದ್ದು ಮುಕ್ಕಾಲು ಪಾಲು ಎಲೆಕೋಸು. ಹೂಕೋಸಿನ ರೇಟು ಏರಿದಾಗಲೆಲ್ಲ ಗಾಡಿಯಲ್ಲಿ ಹೀಗಾಗುತ್ತದೆ. ಗೋಬಿಯಲ್ಲಿ ಗೋಬಿ ಎಲ್ಲಿ ಎಂದು ಯಾರೂ ಕೇಳಲಿಲ್ಲ, ಕೆಂಪು ಎಲ್ಲಿ ಎಂದು ಎಲ್ಲರೂ ಕೇಳಿದರು. ಇಲಾಖೆಯವರು ಗಾಡಿ ಗಾಡಿಗೆ ಹೋಗಿ ಮಾದರಿ ತೆಗೆಯಬಹುದು. ತಟ್ಟೆ ಕೆಂಪಗಿಲ್ಲದಿದ್ದರೆ ಪಕ್ಕದ ಗಾಡಿಗೆ ಹೋಗುವ ನಮ್ಮ ಮೇಲೆ ಯಾವ ಸೆಕ್ಷನ್ ಹಾಕುತ್ತಾರೆ?

ಹಾಗೆ ನೋಡಿದರೆ ಕೆಂಪು ಬಣ್ಣಕ್ಕೆ ಬರಗಾಲ ಬೀಳುವ ಸೀಮೆಯಲ್ಲ ನಮ್ಮದು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿರುವುದೇ ಖಾರ ಕಮ್ಮಿ, ಬಣ್ಣ ಜಾಸ್ತಿ ಎಂಬುದಕ್ಕೆ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಸೀಮೆಯದೇ ಬೆಳೆ ಎಂಬ ಸರ್ಕಾರಿ ಗುರುತು ಕೂಡ ಬಂತು. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದಂತೆ. ಒಳ್ಳೆ ಕೆಂಪು ತುಟಿಗೆ, ಬಟ್ಟೆಯ ಬಣ್ಣ ಹೊಟ್ಟೆಗೆ. ಕಾರಣ ರೇಟು, ಇನ್ನೇನು? ಚಿಟಿಕೆ ಪುಡಿಯಲ್ಲಿ ಬಾಣಲಿಯೇ ಕೆಂಪಾಗುವಾಗ ಗಾಡಿಯವನು ಮೆಣಸಿನಕಾಯಿ ಯಾಕೆ ಕೊಳ್ಳುತ್ತಾನೆ?

ಇದನ್ನೆಲ್ಲ ಮನೆಯಲ್ಲಿ ಭಾಷಣ ಮಾಡಿದ್ದಕ್ಕೆ ಹೆಂಡತಿ ಭಾನುವಾರ ತಾನೇ ಗೋಬಿ ಮಾಡಲು ನಿಂತಳು. ಮೊದಲು ಬೀಟ್‌ರೂಟ್ ರಸ. ಹಿಟ್ಟು ಕಲಸಿದಾಗ ಏನು ಬಣ್ಣ ಅಂತೀರಿ! ಎಣ್ಣೆಗೆ ಬಿದ್ದ ಮೇಲೆ ಕಂದು. ಮಾವ ಒಂದು ಬಾಯಿಗೆ ಹಾಕಿಕೊಂಡು "ಬಜ್ಜಿ ಚೆನ್ನಾಗಿದೆ" ಎಂದರು. ಎರಡನೇ ಸಲ ಅತ್ತೆ ಒಳಗಿನಿಂದ ಬ್ಯಾಡಗಿ ಪುಡಿಯ ಡಬ್ಬಿ ತಂದರು, ಧಾರಾಳವಾಗಿ ಸುರಿದರು. ಈ ಸಲ ಗಾಡಿಯವನೂ ನಾಚುವ ಕೆಂಪು. ಬಾಮೈದ ಮೊದಲ ತುತ್ತಿಗೇ ಎದ್ದು ನಿಂತ. ಮಾತು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಅದು ಗುಂಟೂರಿನ ಡಬ್ಬಿ. ಎರಡೂ ಒಂದೇ ಥರದ ಸ್ಟೀಲ್ ಡಬ್ಬಿ, ಮೇಲೆ ಚೀಟಿ ಇಲ್ಲ. ಅಂಗಡಿಯ ಪೊಟ್ಟಣದ ಮೇಲಾದರೆ ಒಳಗೇನಿದೆ ಎಂದು ಬರೆಯಲೇಬೇಕು, ಅತ್ತೆಯ ಅಡುಗೆಮನೆಗೆ ಆ ಕಾನೂನು ಇನ್ನೂ ಬಂದಿಲ್ಲ.

ಜೂನ್‌ನಲ್ಲಿ ಕಬಾಬಿನ ಬಣ್ಣವೂ ಹೋಯಿತು. ನಮ್ಮದು ಸಸ್ಯಾಹಾರಿಗಳ ಮನೆ, ಸದ್ದಾಗಲಿಲ್ಲ. ಗಾಬರಿಯಾದದ್ದು 2025ರ ಫೆಬ್ರವರಿಯಲ್ಲಿ. ಇಡ್ಲಿ ಬೇಯಿಸುವಾಗ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದು 52 ಹೋಟೆಲುಗಳಲ್ಲಿ ಸಿಕ್ಕಿಬಿತ್ತು, ಸರ್ಕಾರ ಅದನ್ನೂ ನಿಲ್ಲಿಸಿತು. ಗೋಬಿ ಹುಡುಗರ ತಿಂಡಿ, ಇಡ್ಲಿ ಮಾವನ ತಿಂಡಿ. ಮರುದಿನವೇ ಅವರು ದಿನಾ ಹೋಗುವ ಹೋಟೆಲಿಗೆ ಹೊರಟರು, ಜೊತೆಗೆ ನಾನು.

"ಏನ್ರೀ, ಇಡ್ಲಿಗೆ ಪ್ಲಾಸ್ಟಿಕ್ ಹಾಕ್ತೀರಾ?"

ಮಾಲೀಕರಿಗೆ ನೋವಾಯಿತು. "ಛೆ ಛೆ, ನಮ್ಮಲ್ಲಿ ಮೊದಲಿಂದಲೂ ಬಟ್ಟೆನೇ ಯಜಮಾನ್ರೇ. ಬೇಕಾದ್ರೆ ಒಳಗೆ ಬಂದು ನೋಡಿ."

ಮಾವ ಒಳಗೆ ಹೋದರು. ಬಟ್ಟೆ ನೋಡಿದರು. ಹೊರಗೆ ಬಂದು ಕುರ್ಚಿ ಎಳೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

"ಬಟ್ಟೆನೇನಾ ಮಾವ?"

"ಹೂಂ, ಬಟ್ಟೆನೇ. ಮೊದಲಿಂದಲೂ ಅದೇ ಬಟ್ಟೆ" ಎಂದವರು ಸಪ್ಲೈಯರ್‌ನನ್ನು ಕರೆದು ಎರಡು ಮಸಾಲೆ ದೋಸೆ ಹೇಳಿದರು.