ನಮ್ಮ ಪ್ರಾಣ ನೋಡಿಕೊಳ್ಳುತ್ತೀರಿ, ಕಾರಿನ ಕೀ ನೇತುಹಾಕೋಕೆ ಒಂದು ಮೊಳೆ ಹೊಡೆಯೋಕಾಗಲ್ವಾ?

ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದುಕೊಂಡು ಹೋಗುವವರಿಗೆ ನನ್ನದೊಂದು ಪ್ರಶ್ನೆ. ಬಂದವರು ಕಾರಿನ ಕೀ ಎಲ್ಲಿಡಬೇಕು? ದಯವಿಟ್ಟು "ಅದು ನಿಮ್ಮ ಜವಾಬ್ದಾರಿ" ಅನ್ನಬೇಡಿ. ಇವತ್ತು ಮುರ್ಡೇಶ್ವರದಲ್ಲಿ ಆ ಮಾತು ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿದೆ. ಮನೆಗೆ ಬಂದು ಸ್ನಾನ ಮಾಡಿ ಊಟ ಮಾಡಿದರೂ ಸಿಟ್ಟು ಇಳಿದಿಲ್ಲ.

ನಮ್ಮ ದೋಣಿಯಲ್ಲಿ ದಾವಣಗೆರೆ ಕಡೆಯವರು ಮೂವರಿದ್ದರು. ಅಣ್ಣ, ಅತ್ತಿಗೆ, ತಮ್ಮ. ಮೊದಲ ಸಲ ಸಮುದ್ರದೊಳಗೆ ಇಳಿದವರು. ವಾಪಸ್ ಬರುವಾಗ ಆ ಹುಡುಗನ ಬಾಯಿ ನಿಲ್ಲಲೇ ಇಲ್ಲ. ಗಿಳಿಮೀನು ಬಂಡೆ ಕಚ್ಚೋ ಶಬ್ದ ನೀರೊಳಗೆ ಕೇಳುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ ಅಕ್ಕಾ ಅಂತ ಕಣ್ಣರಳಿಸಿ ಹೇಳುತ್ತಿದ್ದ. ದಡಕ್ಕೆ ಬಂದು ಕಾರಿನ ಹತ್ತಿರ ಹೋದ. ಒದ್ದೆ ಚಡ್ಡಿಯ ಜೇಬು ತಡಕಿದ. ಆಮೇಲೆ ಹಿಂದಿನ ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದ. ಕೀ ಡಿಕ್ಕಿಯಲ್ಲಿದ್ದ ಬ್ಯಾಗಿನ ಸೈಡ್ ಜೇಬಿನಲ್ಲಿತ್ತು. ಕೀಗೆ ಕಟ್ಟಿದ್ದ ಕೆಂಪು ದಾರ ಜಿಪ್‌ನಿಂದ ಹೊರಗೆ ಇಣುಕುತ್ತಿತ್ತು. ಮೂವರ ಫೋನು, ಪರ್ಸು, ಒಣಬಟ್ಟೆ, ಕುಡಿಯೋ ನೀರು ಎಲ್ಲಾ ಒಳಗೆ. ಇನ್ನೊಂದು ಕೀ ದಾವಣಗೆರೆಯ ಮನೆಯಲ್ಲಿ.

ಶುರುವಾಯಿತು ನೋಡಿ. "ಒಂದು ಕೀ ನೋಡ್ಕೊಳೋಕಾಗಲ್ವೇನೋ ನಿಂಗೆ?" ಅಂತ ಅಣ್ಣ. ಸುತ್ತ ನಿಂತವರು ತಲೆಗೊಂದು ಮಾತು. ಗಾಜು ಒಡೀರಿ ಅಂದ ಒಬ್ಬ. ಈಗಿನ ಹುಡುಗರಿಗೆ ಮೈಮೇಲೆ ಜ್ಞಾನ ಇಲ್ಲ ಅಂದ ಇನ್ನೊಬ್ಬ. ಡೈವಿಂಗ್ ಸೆಂಟರಿನವರನ್ನು ಕೇಳಿದರೆ ಅದೇ ಉತ್ತರ, ಕೀ ನಿಮ್ಮ ಜವಾಬ್ದಾರಿ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಸಮುದ್ರದೊಳಗಿನ ಆ ಖುಷಿ ಮುಖದಿಂದ ಪೂರ್ತಿ ಇಳಿದುಹೋಗಿತ್ತು.

ನನಗೆ ಇದು ಸಹಿಸೋಕಾಗಲ್ಲ. ನಮ್ಮಪ್ಪ ಹೀಗೇ ಇದ್ದರು. ಎಲ್ಲಾ ವಿಷಯದಲ್ಲೂ ಒಳ್ಳೆಯವರು, ಆದರೆ ಅಮ್ಮ ಏನಾದರೂ ಮರೆತರೆ ನೆಂಟರ ಎದುರಿಗೇ ಬೈಯುತ್ತಿದ್ದರು. ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ಬೈದಿದ್ದರಿಂದ ಮರೆವು ಕಮ್ಮಿಯಾಗಲಿಲ್ಲ. ಅಮ್ಮ ಮಾತಾಡೋದು ಕಮ್ಮಿಯಾಯಿತು ಅಷ್ಟೇ. ಅದಕ್ಕೇ ಇವತ್ತು ನಾನು ಮಧ್ಯೆ ಹೋಗಿ ಆ ಅಣ್ಣನಿಗೆ "ಸಾಕು ಮಾಡಿ" ಅಂತ ಗಟ್ಟಿಯಾಗಿಯೇ ಹೇಳಿದೆ.

ಆ ಹುಡುಗನದ್ದು ಅಜಾಗರೂಕತೆ ಅಂತ ಹೇಗೆ ಹೇಳೋದು? ಬೆಳಿಗ್ಗೆ ಏನಾಯಿತು ಅಂತ ಅವನೇ ಹೇಳಿದ. ರಿಮೋಟ್ ಒತ್ತಿ, ಡಿಕ್ಕಿ ಮಾತ್ರ ತೆಗೆದಿದ್ದ. ಅಲ್ಲೇ ನಿಂತು ಬಟ್ಟೆ ಬದಲಾಯಿಸಿ ಕೀ ಬ್ಯಾಗಿಗೆ ಹಾಕಿದ. ಅಷ್ಟರಲ್ಲಿ ದೋಣಿ ಹೊರಟಿತು ಅಂತ ಯಾರೋ ಕೂಗಿದರು. ಡಿಕ್ಕಿ ಮುಚ್ಚಿ ಓಡಿದ. ಎಷ್ಟೋ ಕಾರುಗಳಲ್ಲಿ ಅನ್‌ಲಾಕ್ ಮಾಡಿ ಸುಮಾರು 30 ಸೆಕೆಂಡಿನೊಳಗೆ ಬಾಗಿಲು ತೆಗೆಯದಿದ್ದರೆ ಕಾರು ತಾನೇ ಮತ್ತೆ ಲಾಕ್ ಆಗುತ್ತದೆ. ಕಳ್ಳರಿಂದ ಕಾಪಾಡೋಕೆ ಇಟ್ಟ ಏರ್ಪಾಡು ಅದು. ಕೆಲವು ಕಾರುಗಳು ಡಿಕ್ಕಿ ತೆಗೆದದ್ದನ್ನು ಬಾಗಿಲು ತೆಗೆದಂತೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಿಕ್ಕಿ ಮುಚ್ಚಿದರೆ ಮುಗೀತು. ಕೀ ಒಳಗಿದ್ದರೆ ಲಾಕ್ ಆಗದ ಸ್ಮಾರ್ಟ್ ಕೀ ಕಾರುಗಳಿವೆ, ನಿಜ. ಆದರೆ ಕೀಯೊಳಗಿನ ಬ್ಯಾಟರಿ ವೀಕ್ ಆಗಿದ್ದರೆ, ಇಲ್ಲಾ ಕೀ ಯಾವುದೋ ಲೋಹದ ಡಬ್ಬಿಯಲ್ಲಿದ್ದರೆ, ಅವಕ್ಕೂ ಗೊತ್ತಾಗದೇ ಹೋಗಬಹುದು.

ಡೈವಿಂಗ್‌ಗೆ ಬಂದವರ ಕಷ್ಟವೇ ಬೇರೆ. ಸಿನಿಮಾಕ್ಕೆ ಹೋದರೆ ಕೀ ಪ್ಯಾಂಟ್ ಜೇಬಿನಲ್ಲಿರುತ್ತದೆ. ಇಲ್ಲಿ ಪ್ಯಾಂಟೇ ಕಾರಿನೊಳಗೆ. ರಿಮೋಟ್ ಕೀ ನೀರಿಗೆ ಒಯ್ಯೋಕಾಗಲ್ಲ. 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು, ಜೊತೆಗೆ ಉಪ್ಪುನೀರು. ಒಳಗಿನ ಸರ್ಕ್ಯೂಟ್ ಹಾಳಾದರೆ ಬಾಗಿಲು ಹೇಗೋ ತೆಗೆಯಬಹುದು, ಗಾಡಿ ಸ್ಟಾರ್ಟೇ ಆಗದಿರಬಹುದು. ದೋಣಿಯಲ್ಲಿ ಇಡೋಣ ಅಂದರೆ ಕೂತ ಜಾಗದಲ್ಲೆಲ್ಲ ನೀರು. ಟಯರ್ ಮೇಲೆ ಬಚ್ಚಿಡಿ ಅನ್ನುವವರೂ ಇದ್ದಾರೆ. ಸ್ಮಾರ್ಟ್ ಕೀಯನ್ನು ಹಾಗೆ ಇಟ್ಟರೆ, ಕೀ ಹತ್ತಿರದಲ್ಲೇ ಇದೆ ಅಂತ ಕಾರು ತಿಳಿದುಕೊಂಡು, ಹ್ಯಾಂಡಲ್ ಮುಟ್ಟಿದವರಿಗೆಲ್ಲ ಬಾಗಿಲು ತೆರೆಯಬಹುದು.

ಹಾಗಾದರೆ ಎಲ್ಲಿಡಬೇಕು? ಹೇಳಿ.

ಇದು ಸಣ್ಣ ವಿಷಯ ಅಂತ ಅನ್ನಿಸಿದರೆ ಆ ಅತ್ತಿಗೆಯನ್ನು ನೀವು ನೋಡಬೇಕಿತ್ತು. ದಡದಿಂದ ನೇತ್ರಾಣಿಗೆ ಸುಮಾರು 19 ಕಿ.ಮೀ. ಹೋಗುವಾಗ ಬರುವಾಗ ದೋಣಿಯಲ್ಲಿ ವಾಂತಿ ಮಾಡಿ ಸುಸ್ತಾಗಿದ್ದರು. ನೀರು ನಮ್ಮ ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಬೆಚ್ಚಗಿನ ಸಮುದ್ರದಲ್ಲೂ ಚಳಿ ಹಿಡಿಯುವುದು ಅದಕ್ಕೇ. ಸಿಲಿಂಡರಿನ ಗಾಳಿ ಒಣಗಾಳಿ, ಗಂಟಲು ಆರಿಹೋಗುತ್ತದೆ. ಅವರು ಒದ್ದೆ ಬಟ್ಟೆಯಲ್ಲಿ, ಗಾಳಿಗೆ ಎದುರಾಗಿ, ಹಲ್ಲು ಕಟಕಟ ಅನ್ನಿಸುತ್ತಾ ನಿಂತಿದ್ದರು. ತಮ್ಮ ಕಾರಿನ ಪಕ್ಕದಲ್ಲೇ. ಚಹಾ ಅಂಗಡಿಯ ಅಕ್ಕ ಓಡಿಬಂದು ತಮ್ಮ ಶಾಲು ಹೊದಿಸಿ, ಬಿಸಿ ಚಹಾ ಕೊಟ್ಟರು. ದುಡ್ಡಿನ ಮಾತೇ ಎತ್ತಲಿಲ್ಲ.

ಇನ್ನೂ ಒಂದು ಇದೆ. ಡೈವಿಂಗ್‌ನಲ್ಲಿ ನೀರಿನ ಒತ್ತಡ ಬದಲಾಗುವುದರಿಂದ ಬರುವ ಕಾಯಿಲೆಯ ಲಕ್ಷಣ ನೀರಿನಿಂದ ಮೇಲೆ ಬಂದ ಮೇಲೆ, ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ. ಗಂಟು ನೋವು, ಕೈಕಾಲು ಜೋಮು, ತಲೆಸುತ್ತು. ಮೊದಲ ಸಲ ಕಮ್ಮಿ ಆಳಕ್ಕೆ ಹೋದವರಿಗೆ ಅದು ಅಪರೂಪ. ಆದರೂ ಆ ಹೊತ್ತಿಗೆ ಕೈಯಲ್ಲಿ ಫೋನ್ ಬೇಕು, ಹೊರಡೋಕೆ ಗಾಡಿ ಬೇಕು. ಶುಗರ್ ಇರುವವರ ಇನ್ಸುಲಿನ್ ಒಳಗೆ ಸಿಕ್ಕಿಕೊಂಡರೆ? ಯಾರದೋ ಮಗು ಒಳಗಿದ್ದರಂತೂ ಒಂದು ನಿಮಿಷವೂ ಯೋಚನೆ ಬೇಡ, ಗಾಜು ಒಡೆದುಬಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ 10 ನಿಮಿಷಕ್ಕೆ ಸುಮಾರು 10 ಡಿಗ್ರಿ ಏರಿಬಿಡುತ್ತದೆ.

ನನ್ನ ಸಿಟ್ಟಿಗೆ ಮುಖ್ಯ ಕಾರಣ ಬೇರೆ. ಇದೇ ಡೈವಿಂಗ್‌ನವರು ನೀರಿಗಿಳಿಯುವ ಮುಂಚೆ ಎಷ್ಟು ಚೆಂದ ನೋಡಿಕೊಳ್ಳುತ್ತಾರೆ! ಜಾಕೆಟ್‌ಗೆ ಗಾಳಿ ಹೋಗ್ತಿದೆಯಾ, ತೂಕದ ಬೆಲ್ಟ್ ಸರಿಯಿದೆಯಾ, ಬಕಲ್ ಹಾಕಿದ್ದೀರಾ, ಸಿಲಿಂಡರ್ ತೆರೆದಿದೆಯಾ. ನೀವು ನೋಡಿಕೊಂಡರೂ ಬಿಡಲ್ಲ, ಜೊತೆಗಾರ ಮತ್ತೆ ಮುಟ್ಟಿ ನೋಡಬೇಕು. ಸಾವಿರ ಸಲ ಇಳಿದವನೂ ತಪ್ಪಿಸುವಂತಿಲ್ಲ. ಮನುಷ್ಯ ಮರೆಯುತ್ತಾನೆ ಅಂತ ಒಪ್ಪಿಕೊಂಡೇ ಮಾಡಿದ ಕ್ರಮ ಅದು. ನಾನು ಡೈವಿಂಗ್‌ನ ಇಷ್ಟಪಟ್ಟಿದ್ದೇ ಇದಕ್ಕೆ. ಅಲ್ಲಿ ಹುಷಾರಾಗಿರು ಅಂತ ಹೇಳಿ ಯಾರೂ ಕೈತೊಳೆದುಕೊಳ್ಳಲ್ಲ. ಆ ಬುದ್ಧಿ ದಡಕ್ಕೆ ಬಂದ ಕೂಡಲೇ ಎಲ್ಲಿಗೆ ಹೋಗುತ್ತದೆ?

ಕೀ ಇಸ್ಕೊಂಡು ಕಾರಿಗೇನಾದರೂ ಆದರೆ ಯಾರು ಹೊಣೆ ಅಂತ ಸೆಂಟರಿನ ಹುಡುಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಆದರೆ ಈಜು ಬಾರದವರನ್ನೂ 12 ಮೀಟರ್ ಆಳದವರೆಗೆ ಕೈಹಿಡಿದು ಕರೆದುಕೊಂಡು ಹೋಗುತ್ತೀರಿ. ಅದಕ್ಕೆ ಫಾರ್ಮ್ ಇದೆ, ಸಹಿ ಇದೆ. ಕೀಗೂ ಅದೇ ಫಾರ್ಮಿನಲ್ಲಿ ಒಂದು ಸಾಲು ಸೇರಿಸಿ. ದೇವಸ್ಥಾನದ ಬಾಗಿಲಲ್ಲಿ ಹಳೇ ಚಪ್ಪಲಿ ಬಿಟ್ಟರೂ ಟೋಕನ್ ಕೊಡುತ್ತಾರೆ. ಅಷ್ಟು ಸಾಕು. ಒಂದು ಹಲಗೆ, ನಂಬರ್ ಬರೆದ ಕೊಕ್ಕೆಗಳು, ದಡದಲ್ಲೇ ಇರುವ ಒಬ್ಬರ ಕಣ್ಣು. ದೋಣಿ ಬಿಡುವ ಮುಂಚೆ "ಎಲ್ಲರ ಕೀ ಬಂತಾ?" ಅಂತ ಒಂದು ಕೂಗು. ಕೀ ಬರದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮನೆಯವರ ಒಂದು ಫೋನ್ ನಂಬರ್ ಕೂಡ ಬರೆದಿಟ್ಟುಕೊಳ್ಳಿ.

ಕೊನೆಗೆ ನನ್ನ ಫೋನಿನಿಂದಲೇ ಭಟ್ಕಳದ ಒಬ್ಬ ಕೀ ಮಾಡುವವರನ್ನು ಕರೆಸಿದೆವು. ವಯಸ್ಸಾದವರು. ಬೈಕಿನಿಂದ ಇಳಿದವರು ಕಾರು ಮುಟ್ಟಲಿಲ್ಲ. ಮೊದಲು ಹುಡುಗನನ್ನು ಕೇಳಿದರು, "ಮುಂದಿನ ಡ್ರಾಯರ್‌ನಲ್ಲಿ ಏನೇನಿದೆ ಹೇಳಪ್ಪಾ." ಅವನು ಇನ್ಶೂರೆನ್ಸ್ ಕಾಗದ, ಅತ್ತಿಗೆಯ ಕನ್ನಡಕ, ಅರ್ಧ ಪ್ಯಾಕೆಟ್ ಖಾರಮಂಡಕ್ಕಿ ಅಂದ. ಸರಿ ಅಂತ ಬಾಗಿಲಿನ ಸಂದಿಗೆ ಒಂದು ತೆಳ್ಳನೆ ರಬ್ಬರ್ ಚೀಲ ತೂರಿಸಿ, ಕೈಯಲ್ಲಿ ಪಂಪ್ ಒತ್ತಿದರು. ಬೆರಳು ತೂರುವಷ್ಟು ಸಂದಿ ಬಿಟ್ಟಿತು. ಬಣ್ಣ ಕೆರೆಯದ ಹಾಗೆ ಬಟ್ಟೆ ಸುತ್ತಿದ ಉದ್ದ ಕಡ್ಡಿ ಒಳಗೆ ಬಿಟ್ಟು ಲಾಕ್ ಎಳೆದರು. ಟಕ್. ಗಾಜು ಒಡೆಯಬೇಕಾಗಲಿಲ್ಲ. ಆಮೇಲೆ ಡ್ರಾಯರ್ ತೆಗೆಸಿ ನೋಡಿ, ಆರ್‌ಸಿಯಲ್ಲಿ ಹೆಸರು ಓದಿಯೇ ದುಡ್ಡು ತಗೊಂಡರು. ಒಂದು ಬೈಗುಳ ಇಲ್ಲ, ಒಂದು ಬುದ್ಧಿಮಾತು ಇಲ್ಲ. ಅವರಿಗೆ ನನ್ನ ದೊಡ್ಡ ನಮಸ್ಕಾರ.

ಹೊರಡುವ ಮುಂಚೆ ಸೆಂಟರಿನ ಮಾಲೀಕರ ಹತ್ತಿರ ಕೂತು ಮಾತಾಡಿದೆ. ನೋಡೋಣ ಮೇಡಂ, ಮಳೆಗಾಲ ಮುಗಿದ ಮೇಲೆ ಮಾಡೋಣ ಅಂದರು. ಅಷ್ಟು ದಿನ ಯಾಕೆ? ಹಲಗೆಯ ಖರ್ಚು ನನ್ನದೇ ಇರಲಿ ಅಂದೆ, ಒಪ್ಪಿದ್ದಾರೆ. ನೀವು ಎಲ್ಲೇ ಡೈವಿಂಗ್‌ಗೆ ಹೋದರೂ ದುಡ್ಡು ಕೊಡುವ ಮುಂಚೆ ಕೀ ಎಲ್ಲಿಡುತ್ತೀರಿ ಅಂತ ಕೇಳಿ. ಹತ್ತು ಜನ ಕೇಳಿದರೆ ಅವರೇ ಮಾಡುತ್ತಾರೆ. ಮತ್ತೆ ಹೊನ್ನಾವರ, ಭಟ್ಕಳ ಕಡೆ ಒಳ್ಳೆ ಮರಗೆಲಸದವರು ಯಾರಾದರೂ ಗೊತ್ತಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದು, ಹಿತ್ತಾಳೆ ಕೊಕ್ಕೆಯೇ ಬೇಕು.